ಗಿಳಿಗಳ ಕಡೆ ತಲೆ

ಹಲಸೂರು, ದಂಡು ಬೆಂಗಳೂರು
೨೧ನೇ ನವೆಂಬರ್ ೧೯೪೮, ಭಾನುವಾರ

ಸೌಭಾಗ್ಯವತಿ ಪಟಾಲಮ್ಮನಿಗೆ, ನಿನ್ನ ಯಜಮಾನ ಮುನಿಆಂಜನಪ್ಪ ಮಾಡುವ ಆಶೀರ್ವಾದ.

ಮದುವೆಯಾದಾಗಿನಿಂದ ನಿನ್ನನ್ನು ಹೆಸರು ಹಿಡಿದು ಕರೆದವನಲ್ಲ ನಾನು. “ಇವಳೇ” ಅಂದರೆ ನೀನು ತಿರುಗಿ ನೋಡುತ್ತಿದ್ದೆ, “ಕೇಳಿಸ್ತಾ” ಅಂದರೆ ಒಲೆಯ ಮುಂದಿನಿಂದಲೇ “ಕೇಳಿಸ್ತು” ಅನ್ನುತ್ತಿದ್ದೆ. ಅಷ್ಟರಲ್ಲೇ ಸಂಸಾರ ನಡೆದು ಹೋಯಿತು. ಆದರೆ ಅಂಚೆಯವನಿಗೆ ಇವಳು ಯಾರು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಹೆಸರು ಬರೆದಿದ್ದೇನೆ. ಬರೆದು ಒಂದು ಸಲ ಓದಿಕೊಂಡೆ. ಚೆನ್ನಾಗಿದೆ ನಿನ್ನ ಹೆಸರು. ಕಾಗದವನ್ನು ನಿನಗೆ ಓದಿ ಹೇಳುವವಳು ಮಗಳು ತಾನೆ. ಆದಿಲಕ್ಷ್ಮೀ, ನೀನು ನಗಬೇಡ. ಅಪ್ಪ ಏನು ಬರೆದಿದ್ದಾನೋ ಅದನ್ನು ಹಾಗೇ ಓದು, ನಡುವೆ ನಿನ್ನದೊಂದು ಸೇರಿಸಬೇಡ.

ಬಾಣಂತಿ ಹೇಗಿದ್ದಾಳೆ? ಕೂಸು ನಿದ್ದೆ ಮಾಡುತ್ತದೆಯೋ, ಇಲ್ಲ ಅಜ್ಜಿಯನ್ನು ಎಬ್ಬಿಸಿ ಕೂರಿಸುತ್ತದೆಯೋ? ಬೌರಿಂಗ್‌ಪೇಟೆಯಲ್ಲಿ ಈಗ ಚಳಿ ಜಾಸ್ತಿ ಅಂತ ರೈಲಿನವರು ಹೇಳಿದರು. ಅಳಿಯಂದಿರು ಸಂಜೀವಪ್ಪನವರು ಸ್ಟೇಷನ್ನಿಗೆ ಪಾಳಿಗೆ ಹೋಗುವಾಗ ಕಿವಿಗೆ ಮಫ್ಲರ್ ಸುತ್ತಿಕೊಳ್ಳಲಿ, ನಾನು ಹೇಳಿದೆ ಅನ್ನು. ನಿನ್ನ ಮೊಣಕಾಲು ಹೇಗಿದೆ? ಹರಳೆಣ್ಣೆ ಬಿಸಿ ಮಾಡಿ ತಿಕ್ಕಿಸಿಕೋ. ಯಾರಿಗೂ ತೊಂದರೆ ಕೊಡಬಾರದು ಅಂತ ನೀನೇ ಬಗ್ಗಿ ತಿಕ್ಕಿಕೊಂಡು ಸೊಂಟವನ್ನೂ ಹಿಡಿಸಿಕೊಳ್ಳಬೇಡ. ಇಲ್ಲಿ ನಾನು ಚೆನ್ನಾಗಿದ್ದೇನೆ. ಮುದ್ದೆ ನಾನೇ ತಿರುವುತ್ತೇನೆ, ಗಂಟಾಗುತ್ತದೆ, ಗಂಟು ಸಮೇತ ನುಂಗುತ್ತೇನೆ. ಸಾರು ಪಕ್ಕದ ಮನೆಯ ಗೋವಿಂದಮ್ಮ ಕಳಿಸುತ್ತಾರೆ. ಅವರ ಕೈಯಲ್ಲಿ ಉಪ್ಪು ಮುಂದು ಅಂತ ನೀನು ಹೇಳುತ್ತಿದ್ದದ್ದು ನಿಜ. ನಿನ್ನ ಕೋಳಿಗಳು ನೀನು ಹೋದ ಮೇಲೆ ಗಾಡಿಯ ಮೆಟ್ಟಿಲ ಮೇಲೆ ಕೂರುವುದನ್ನು ಕಲಿತಿದ್ದವು. ಈಗ ಮೆಟ್ಟಿಲೂ ಇಲ್ಲ, ಗಾಡಿಯೂ ಇಲ್ಲ, ಸಂಜೆಯಾದರೆ ಹೊಂಗೆ ಮರದ ಕೆಳಗೆ ಸುಮ್ಮನೆ ಸುತ್ತುತ್ತವೆ.

ನೋಡು, ಆಮೇಲೆ ಹೇಳೋಣ ಅಂದುಕೊಂಡಿದ್ದು ಕೋಳಿಯ ಬಾಯಲ್ಲಿ ಬಂದುಬಿಟ್ಟಿತು. ಹೌದು, ಗಾಡಿ ಮಾರಿದೆ. ರೈಲು ಹತ್ತುವಾಗ ನೀನು ಹೇಳಿದೆಯಲ್ಲ, “ನಾನು ವಾಪಸ್ ಬರೋ ಹೊತ್ತಿಗೆ ಆ ಗಾಡಿ ಅಲ್ಲಿರಬಾರದು” ಅಂತ, ಹಾಗೇ ಆಗಿದೆ. ನಿನಗೆ ಸಮಾಧಾನವಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ನನಗಂತೂ ಆಗಿಲ್ಲ.

ಆದಿ ಅದನ್ನು ಖಾಲಿ ಡಬ್ಬವಾಗಿದ್ದಾಗ ನೋಡಿದ್ದು, ಅವಳಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. “ಎಲ್ಲ ಗೊತ್ತಿರೋದೇ” ಅಂತ ನೀನು ಎಲೆಅಡಿಕೆ ಚೀಲ ಹುಡುಕಿಕೊಂಡು ಏಳಬೇಡ, ಕೂತು ಕೇಳು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹಳೆಯ ವಾಹನಗಳನ್ನು ಹರಾಜು ಹಾಕಿದಾಗ ನಾನು ಒಂದು ಆಂಬುಲೆನ್ಸು ಹಿಡಿದುಕೊಂಡು ಬಂದೆ. ಜಟಕಾ ಕಟ್ಟುವ ಬಡಗಿಯಾಗಿದ್ದವನು ಯುದ್ಧದ ವರ್ಷಗಳಲ್ಲಿ ಮಿಲಿಟರಿ ವರ್ಕ್‌ಷಾಪಿನಲ್ಲಿ ಇಂಥವಕ್ಕೇ ಹಲಗೆ ಕೂರಿಸುತ್ತಿದ್ದೆನಲ್ಲ, ಕೈ ಪಳಗಿತ್ತು, ಗಾಡಿ ಓಡಿಸುವುದನ್ನೂ ಅಲ್ಲೇ ಕಲಿತಿದ್ದೆ. ಅದನ್ನು ನಾವಿಬ್ಬರೇ ಮಲಗಿ, ಅಡುಗೆ ಮಾಡಿಕೊಂಡು, ಕಾಶಿಗೆ ಹೋಗಿ ಬರುವಂಥ ಮನೆಯಾಗಿ ಮಾಡಬೇಕು ಅಂತ ಆಸೆ. ಬಸ್ಸು ರೈಲಿನಲ್ಲಿ ಕಾಲು ಮಡಿಸಿ ಕೂರುವುದಕ್ಕೆ ನಿನ್ನ ಮೊಣಕಾಲು ಒಪ್ಪುವುದಿಲ್ಲವಲ್ಲ, ಅದಕ್ಕೆ. ಬೀದಿಯವರು “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು” ಅಂದರು. ಆಮೇಲೆ ಅವರೇ ಅದಕ್ಕೆ ಮನೆಗಾಡಿ ಅಂತ ಹೆಸರಿಟ್ಟರು. ಹಸಿರು ಬಣ್ಣ ಎಷ್ಟು ಬಳಿದರೂ ಮಳೆ ಬಿದ್ದ ದಿನ ಪಕ್ಕದಲ್ಲಿ ಆಂಬುಲೆನ್ಸಿನ ಆ ಕೆಂಪು ಶಿಲುಬೆ ಗುರುತು ಮೆಲ್ಲಗೆ ಮೂಡುತ್ತಿತ್ತು.

ಪೆಟ್ರೋಲಿಗೆ ರೇಷನ್ ಕೂಪನ್ ಇಲ್ಲ, ಒಳಗೆ ಮಂಚವಿಲ್ಲ. ಆದರೂ ಆ ದಿನಗಳಲ್ಲಿ ನಾವು ತಿರುಗಿದಷ್ಟು ಯಾರು ತಿರುಗಿದ್ದಾರೆ ಹೇಳು. ಸಂಜೆ ಉಳಿ ಕೊಡತಿ ಎತ್ತಿಟ್ಟು ನಾನು ಮುಂದೆ ಸ್ಟೀರಿಂಗ್ ಹಿಡಿದು ಕೂರುತ್ತಿದ್ದೆ. ನೀನು ಹಿಂದೆ ಬರೀ ಹಲಗೆಯ ಮೇಲೆ ಕಾಲು ಚಾಚಿಕೊಂಡು ಎಲೆಗೆ ಸುಣ್ಣ ಸವರುತ್ತಿದ್ದೆ. “ಹೊರಡೋಣ್ವಾ?” ಅಂತ ನಾನು ಕೇಳಬೇಕು, “ಹೊರಡಿ” ಅಂತ ನೀನು ಅನ್ನಬೇಕು. ಎಂಜಿನ್ ಹಚ್ಚುತ್ತಿರಲಿಲ್ಲ, ಸದ್ದೂ ಇಲ್ಲ, ಗಾಡಿ ಮರದ ಕೆಳಗೇ. ನಾನು ದೇವನಹಳ್ಳಿ ದಾಟಿತು ಅನ್ನುತ್ತಿದ್ದೆ, ಪೆನುಗೊಂಡೆ ಬಂತು ಅನ್ನುತ್ತಿದ್ದೆ. ಕತ್ತಲಾಗುವ ಮುಂಚೆ ಹಿಂದಿನ ಕಿಟಕಿಯಲ್ಲಿ ಹಲಸೂರು ಕೆರೆ ಹೊಳೆಯುತ್ತಿತ್ತು. “ಇದು ತುಂಗಭದ್ರೆ ತಾನೆ?” ಅಂತ ನೀನು ಕೇಳುತ್ತಿದ್ದೆ, ನಾನು ಹೂಂಗುಟ್ಟುತ್ತಿದ್ದೆ. ಬೈಯಪ್ಪನಹಳ್ಳಿ ಕಡೆ ಮದ್ರಾಸ್ ರೈಲು ಕೂಗಿದರೆ ಅದು ನಾಗಪುರದ ರೈಲು. ನಾಗಪುರದಿಂದ ಆಚೆ ಯಾವ ಊರು ಬರುತ್ತದೆ ಅಂತ ನನಗೆ ತಿಳಿಯದು, ಹಾಗಾಗಿ ದಿನಾ ಅಲ್ಲೇ ಗಾಡಿ ನಿಲ್ಲಿಸಿ ಊಟಕ್ಕೆ ಏಳುತ್ತಿದ್ದೆವು. ಒಂದು ದಿನ ನೀನು ಮನೆಯೊಳಗೆ ಬಂದು ಗೋಡೆ ಹಿಡಿದುಕೊಂಡು ನಿಂತೆ. ನೆಲ ಇನ್ನೂ ತೂಗುತ್ತಿದೆ ಅಂದೆ. ಆ ಮಾತು ಕೇಳಿ ನನಗಾದ ಸಂತೋಷವನ್ನು ಆವತ್ತು ಹೇಳಲಿಲ್ಲ, ಇವತ್ತು ಹೇಳುತ್ತಿದ್ದೇನೆ.

ಈ ಸಲದ ಯುಗಾದಿಗೆ ಒಳಗಿನ ಕೆಲಸ ಮುಗಿಯಿತು. ಆದಿ, ನೀನು ನೋಡಬೇಕಿತ್ತು. ತೇಗದ ಮಂಚ, ತಲೆಯ ಕಡೆ ಹಲಗೆಯಲ್ಲಿ ಎದುರುಬದುರು ಎರಡು ಗಿಳಿ ಕೆತ್ತಿದ್ದೆ. ಸ್ಟೌವಿಗೆ ತಗಡು ಬಡಿದ ಗೂಡು. ಗಾಡಿ ಕುಲುಕಿದರೆ ಪಾತ್ರೆ ಉರುಳಬಾರದು ಅಂತ ಹಲಗೆಯಲ್ಲಿ ಒಂದೊಂದಕ್ಕೂ ಒಂದೊಂದು ತೂತು, ಮುದ್ದೆ ತಪ್ಪಲೆಗೆ ದೊಡ್ಡದು, ಚೊಂಬಿಗೆ ಚಿಕ್ಕದು. ನಿಮ್ಮಮ್ಮ ಕೂತರೆ ಅವಳ ಕಣ್ಣಿಗೆ ನೇರ ಬರುವ ಕಿಟಕಿ. ಅವಳ ಎಲೆಅಡಿಕೆ ಚೀಲಕ್ಕೆ ಒಂದು ಗೂಟ. ಹಿಂದೆ ಹತ್ತುವುದಕ್ಕೆ ಗಿಡ್ಡ ಮೆಟ್ಟಿಲು. ಒಲೆ ಇದ್ದ ಮೇಲೆ ಅದು ಮನೆಯೇ ಅಂತ ಅವಳೇ ಹಾಲು ಉಕ್ಕಿಸಿದಳು. ಆಮೇಲೆ ನಾನು “ಒಂದ್ಸಲ ಮಲಗಿ ನೋಡು” ಅಂದೆ. ಗಿಳಿಗಳ ಕಡೆ ತಲೆ ಇಟ್ಟು ಮಲಗಿದಳು, ಸೂರು ನೋಡಿದಳು, ನಕ್ಕಳು. ನಗುತ್ತಲೇ ಕೇಳಿದಳು: “ಕಾಶಿಗೆ ಹೋಗ್ತಾ ಗಾಡಿ ಮೂತಿ ಯಾವ ಕಡೆ ಇರುತ್ತೆ?” ಕಾಶಿ ಕಡೆ ಅಂದೆ. “ಅಂದ್ರೆ ಉತ್ತರ. ನನ್ನ ತಲೇನೂ ಉತ್ತರ. ಉತ್ತರಕ್ಕೆ ತಲೆ ಹಾಕಿ ಯಾರಾದ್ರೂ ಮಲಗ್ತಾರಾ? ಕಾಶಿ ಮುಟ್ಟೋ ಮುಂಚೆ ಕೈಲಾಸ ಮುಟ್ತೀನಿ.” ಎದ್ದು ಕೂತಳು. ಮತ್ತೆ ಆ ಮಂಚದ ಮೇಲೆ ಮಲಗಲಿಲ್ಲ.

ಇಷ್ಟು ವರ್ಷ ಮರ ಕೊರೆದ ಈ ಪ್ರಾಣಿಗೆ ಅದು ಹೊಳೆಯಲೇ ಇಲ್ಲ ನೋಡು, ಇವಳೇ. ಮನೆಯ ಮಂಚ ಹಾಕಿದ ಕಡೆ ಬಿದ್ದಿರುತ್ತದೆ, ಗಾಡಿಯ ಮಂಚಕ್ಕೆ ದಾರಿಯೇ ದಿಕ್ಕು. ರಾತ್ರಿ ಗಾಡಿ ತಿರುಗಿಸಿ ನಿಲ್ಲಿಸುತ್ತೇನೆ ಅಂದೆ. ಕಾಲು ನೋಯುತ್ತದೆ ಅಂತ ತಾನೆ ಮಂಚ ಮಾಡಿದ್ದು, ಹಗಲು ಓಡುವಾಗ ಮಲಗಬೇಡವೇ ಅಂದೆ ನೀನು. ಬಾಗಿಲ ಕಡೆ ತಲೆ ಇಟ್ಟುಕೋ ಅಂದೆ ನಾನು. ದಾರಿಯ ಧೂಳೆಲ್ಲ ಮುಖಕ್ಕೆ ಅಂದೆ ನೀನು. ನೀನು ಹೇಳಿದ್ದೆಲ್ಲ ಸರಿಯೇ. ನನಗೆ ರೇಗಿತು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಅಂದುಬಿಟ್ಟೆ. ಬರೀ ಗಾದೆ ಅಂತ ಆಡಿದ್ದು. ನಿನ್ನ ಮೊಣಕಾಲು ನನ್ನ ಎದುರಿಗೇ ಇತ್ತು, ಗಾದೆ ಹೋಗಿ ಅದಕ್ಕೇ ಬಡಿಯಿತು. ಆವತ್ತಿನಿಂದ ಸಂಜೆಯ ಪ್ರಯಾಣ ನಿಂತಿತು. ನಾನೊಬ್ಬನೇ ಮುಂದೆ ಕೂತು “ಹೊರಡೋಣ್ವಾ” ಅಂತ ಯಾರನ್ನು ಕೇಳಲಿ?

ನೀನು ಹೊರಟ ಮೇಲೆ ಗಾಡಿ ಮಾರಾಟಕ್ಕಿದೆ ಅಂತ ನಾಲ್ಕು ಕಡೆ ಹೇಳಿದೆ. ಮೊದಲು ಬೈಯಪ್ಪನಹಳ್ಳಿಯ ಚಲುವಯ್ಯ ಬಂದ, ಹಾಲಿನ ವ್ಯಾಪಾರದವನು. ಎಂಜಿನ್ ನೋಡಿದ, ಟೈರು ಒದ್ದ, ಒಳಗೆ ಇಣುಕಿ “ಈ ಮಂಚ ಗಿಂಚ ಎಲ್ಲ ಕಿತ್ತಾಕಿದ್ರೆ ಕ್ಯಾನು ಎಷ್ಟು ಹಿಡೀತವೆ ಅಣ್ಣಾ?” ಅಂದ. ಅವನ ತಪ್ಪಿಲ್ಲ. ಆದರೆ ಗಿಳಿಗಳ ಎದುರಿಗೇ ಅಂದನಲ್ಲ, ನಾನು ಟೀ ಕೂಡ ಕೊಡದೆ ಕಳಿಸಿದೆ. ಹೋಗುವ ಮುಂಚೆ ಗಾಡಿ ಓಡುತ್ತದೋ ಇಲ್ಲವೋ ತೋರಿಸು ಅಂತ ಸವಾಲು ಹಾಕಿದ್ದ. ಆ ಹಟಕ್ಕೆ, ಅವನು ಹೋದ ಮೇಲೆ ನಾನೇ ಉಳಿಸಿಟ್ಟಿದ್ದ ಪೆಟ್ರೋಲು ಹಾಕಿಕೊಂಡು ಮುಚ್ಚಂಜೆಯಲ್ಲಿ ಕೆರೆಯ ಕಡೆ ಹೊರಟೆ.

ಆದಿ, ಇಲ್ಲಿಂದ ಸ್ವಲ್ಪ ಮೆಲ್ಲಗೆ ಓದು. ಎದುರಿಗೆ ಎರಡು ದೀಪ ಬಂದವು. ಎರಡು ಜಟಕಾ ಬರುತ್ತಿವೆ, ನಡುವೆ ದಾರಿ ಇದೆ ಅಂತ ನಾನು ನಡುವೆಯೇ ತಿರುಗಿಸಿದೆ. ಇದ್ದದ್ದು ಒಂದೇ ಜಟಕಾ, ಒಂದೇ ದೀಪ. ಕುದುರೆ ಎಗರಿ ನಿಂತಿತು. ಕುದುರೆಗೂ ಏನೂ ಆಗಲಿಲ್ಲ, ನನಗೂ ಆಗಲಿಲ್ಲ. ಜಟಕಾದವನು ತಮಿಳಿನಲ್ಲಿ ಬೈದ, ಉರ್ದುವಿನಲ್ಲಿ ಬೈದ, ಉಳಿದದ್ದನ್ನು ಕನ್ನಡದಲ್ಲಿ ಬೈದ. ನಾನು ಗಾಡಿಯನ್ನು ಮೆಲ್ಲಗೆ ಮನೆಗೆ ತಂದೆ. ಮಾರನೆಯ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಪೊರೆ ಬಂದಿದೆ, ಬಲಿಯಲಿ, ಬಲಿತ ಮೇಲೆ ತೆಗೆಯೋಣ, ಅಲ್ಲಿಯವರೆಗೆ ಗಾಡಿ ಮುಟ್ಟಬೇಡ ಅಂದರು. ತೆಗೆದ ಮೇಲೂ ದಪ್ಪ ಕನ್ನಡಕವಂತೆ. ಹೆದರಬೇಡ, ಹಗಲು ಮನೆಯೊಳಗೆ ಎಲ್ಲ ಕಾಣುತ್ತದೆ, ಈ ಕಾಗದವನ್ನೂ ನಾನೇ ಬರೆಯುತ್ತಿದ್ದೇನೆ, ಸಾಲು ಸ್ವಲ್ಪ ಡೊಂಕು ಅಷ್ಟೇ. ಆದರೆ ನಿನ್ನನ್ನು ಹಿಂದೆ ಕೂರಿಸಿಕೊಂಡು ನಾನು ಓಡಿಸುವ ಕಾಲ ಬಾರದೆಯೇ ಹೋಯಿತಲ್ಲ ಅನ್ನಿಸಿತು. ಅಲ್ಲಿಯವರೆಗೆ ನೀನು ಮಾರು ಅಂದದ್ದಕ್ಕೆ ಮಾರುವ ನಾಟಕ ಆಡುತ್ತಿದ್ದೆ. ಆವತ್ತಿನಿಂದ ನಿಜವಾಗಿ ಮಾರುವವನಾದೆ.

ಅದೇ ವಾರದಲ್ಲಿ ಇನಾಯತ್ ಉಲ್ಲಾ ಸಾಹೇಬರು ಬಂದರು. ರಸಲ್ ಮಾರ್ಕೆಟ್ಟಿನ ಹಿಂದೆ ಮದುವೆಗಳಿಗೆ ಶಾಮಿಯಾನ ಬಾಡಿಗೆಗೆ ಕೊಡುತ್ತಾರೆ. ಜೊತೆಗೆ ಅವರ ಹೆಂಡತಿ ಜಹನಾರಾ ಬೇಗಂ, ಲಾರಿ ಓಡಿಸುವ ಮಗ ಅನೀಸ್. ಆ ಹುಡುಗನಿಗೆ ಹೋದ ವರ್ಷ ಜ್ವರ ಬಂದು ಬದುಕಿದ್ದೇ ಹೆಚ್ಚಂತೆ. ತಿರುಚಿನಾಪಳ್ಳಿಯ ದರ್ಗಾಕ್ಕೆ ತಾಯಿ ಹರಕೆ ಹೊತ್ತಿದ್ದಾರೆ. ಬಸ್ಸಿನಲ್ಲಿ ಕೂತರೆ ಅವರಿಗೆ ಸೊಂಟ ಹಿಡಿಯುತ್ತದೆ. ಆಯಮ್ಮ ಮೆಟ್ಟಿಲು ಹತ್ತಿ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ತೂತುಗಳಲ್ಲಿ ಕೈಯಾಡಿಸಿದರು, ನಿನ್ನ ಗೂಟಕ್ಕೆ ತಮ್ಮ ಎಲೆಯ ಡಬ್ಬಿಯ ಚೀಲ ನೇತುಹಾಕಿ ನೋಡಿದರು, ನಿನ್ನ ಕಿಟಕಿಯಲ್ಲಿ ಕೆರೆ ನೋಡಿದರು. ಆಮೇಲೆ ಮಂಚದ ಹತ್ತಿರ ನಿಂತು ನನ್ನನ್ನು ಕೇಳಿದರು: “ಭಾಯಿ, ಮಲಕ್ಕೊಂಡ್ರೆ ಕಾಲು ಯಾವ ಕಡೆ ಬರ್ತದೆ?”

ಮೆಟ್ಟಿಲ ಮೇಲೆ ಕೂತುಬಿಟ್ಟೆ, ನಗು ಬಂತು, ಕಣ್ಣಲ್ಲಿ ನೀರೂ ಬಂತು. ಇಂಥ ಪ್ರಶ್ನೆ ಕೇಳುವವಳು ಲೋಕದಲ್ಲಿ ನೀನೊಬ್ಬಳೇ ಅಂದುಕೊಂಡಿದ್ದೆ. ಅವರಲ್ಲಿ ಪಡುವಣ ದಿಕ್ಕಿಗೆ, ಕಾಬಾದ ಕಡೆಗೆ, ಕಾಲು ಚಾಚಿ ಮಲಗಬಾರದಂತೆ. “ಮದ್ರಾಸ್ ಕಡೆ, ಅಂದ್ರೆ ಪೂರ್ವಕ್ಕೆ ಹೋದ್ರೆ ತಲೆ ಮುಂದೆ, ಕಾಲು ಪೂರ್ತಿ ಆ ಕಡೆ ಆಗ್ತದಲ್ಲ” ಅಂತ ಲೆಕ್ಕ ಹಾಕಿದರು. ಈ ಗಿರಾಕಿಯೂ ಹೋಯಿತು ಅಂದುಕೊಂಡೆ. ಆದರೆ ಆಯಮ್ಮ ಎದ್ದು ಹೋಗಲಿಲ್ಲ, ಅಲ್ಲೇ ನಿಂತು ಕೈ ಆ ಕಡೆ ಈ ಕಡೆ ಆಡಿಸಿ ಹೇಳಿದರು: “ನಮ್ದು ಹರಕೆ ಇರೋದು ತಿರುಚಿನಾಪಳ್ಳಿ. ಅದು ದಕ್ಷಿಣ. ಕಾಲು ಉತ್ತರಕ್ಕೆ ಬರ್ತದೆ, ತಲೆ ದಕ್ಷಿಣಕ್ಕೆ. ಪರವಾಗಿಲ್ಲ, ಮಲಗ್ಬಹುದು.” ದಕ್ಷಿಣಕ್ಕೆ ತಲೆ ಅಂದರೆ ನಮ್ಮವರಿಗೂ ಅದಕ್ಕಿಂತ ಒಳ್ಳೆಯ ದಿಕ್ಕು ಉಂಟೇ? ಆ ಮರದ ಕೆಳಗೆ ಅಷ್ಟು ಸಂಜೆ ತಿರುಗಿದೆವಲ್ಲ, ಒಂದು ದಿನವಾದರೂ ದಕ್ಷಿಣಕ್ಕೆ, ಹೊಸೂರಿನ ಕಡೆ ತಿರುಗಿಸಬೇಕು ಅಂತ ನಿನಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ಸಾಹೇಬರ ತಂದೆ ಕುದುರೆ ವ್ಯಾಪಾರದವರಂತೆ. ಹಾಗಾಗಿ ಜಟಕಾದವರ ಹಳೆಯ ಪದ್ಧತಿಯಲ್ಲೇ ಮಾತಾಯಿತು. ಕೈ ಮೇಲೆ ಟವೆಲ್ಲು ಹಾಕಿಕೊಂಡು ಬೆರಳು ಹಿಡಿದು ಬೆಲೆ ಕುದುರಿಸಿದೆವು. ಗೋವಿಂದಮ್ಮ ಗೋಡೆಯ ಆಚೆಯಿಂದ ಕತ್ತು ನೀಡಿದ್ದೇ ಬಂತು, ಏನೂ ತಿಳಿಯಲಿಲ್ಲ. ಟವೆಲ್ಲಿನ ಕೆಳಗಿನ ಮಾತು ಟವೆಲ್ಲಿನ ಕೆಳಗೇ ಇರಬೇಕು, ಕಾಗದದಲ್ಲಿ ಬರೆಯುವುದಿಲ್ಲ. ನಷ್ಟವಾಗಿಲ್ಲ ಅಂತ ತಿಳಿದುಕೋ.

ಒಂದೇ ಕೆಲಸ ಕಷ್ಟವಾಯಿತು. ಜಹನಾರಾ ಬೇಗಮ್ಮರ ಡೇಕ್ಸಾ ಅನ್ನುವ ದೊಡ್ಡ ಅಡುಗೆ ಪಾತ್ರೆ ನಿನ್ನ ಮುದ್ದೆ ತಪ್ಪಲೆಯ ತೂತಿಗೆ ಹಿಡಿಯಲಿಲ್ಲ, ಅಗಲ ಮಾಡಿ ಕೊಡಿ ಅಂದರು. ಗರಗಸ ಹಾಕಿದೆ. ನಿನ್ನ ತಪ್ಪಲೆಯ ಅಳತೆಗೆ ನಾನೇ ಕೊರೆದದ್ದನ್ನು ನಾನೇ ಕೆಡಿಸಬೇಕಾಯಿತು. ಮರದ ಪುಡಿ ಬಿತ್ತು, ತೇಗದ ವಾಸನೆ ಎದ್ದಿತು, ನೀನು ಹಾಲು ಉಕ್ಕಿಸಿದ ದಿನದ ವಾಸನೆಯೇ. ಹೋದ ವಾರದ ಶುಕ್ರವಾರ ಬೆಳಿಗ್ಗೆ ಗೋವಿಂದಮ್ಮ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಸಾಹೇಬರು ಬೇಡ ಅನ್ನಲಿಲ್ಲ. ಅನೀಸ್ ಗಾಡಿಯನ್ನು ಮೆಲ್ಲಗೆ, ಬಾಣಂತಿಯನ್ನು ಕರೆದುಕೊಂಡು ಹೋಗುವ ಹಾಗೆ ಬೀದಿ ದಾಟಿಸಿದ. ಒಳ್ಳೆಯ ಕೈ ಆ ಹುಡುಗನದು.

ಈಗ ಮರದ ಕೆಳಗೆ ಗಾಡಿಯಷ್ಟು ಉದ್ದದ ಒಣ ನೆಲ ಉಳಿದಿದೆ, ಹುಲ್ಲು ಹುಟ್ಟಿಲ್ಲ. ಸಂಜೆ ಅಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಕೆರೆ ಹೊಳೆಯುತ್ತದೆ, ನನ್ನ ಕಣ್ಣಿಗೆ ಈಗ ಎರಡು ಕೆರೆ. ರೈಲು ಕೂಗುತ್ತದೆ. ಅದು ಬೌರಿಂಗ್‌ಪೇಟೆ ದಾಟಿ ಹೋಗುವ ರೈಲು ಅಂತ ಈಚೆಗೆ ಹೊಳೆಯಿತು. ಹಾಗಾಗಿ ನಾಗಪುರದವರೆಗೆ ಹೋಗುವುದನ್ನು ಬಿಟ್ಟು ದಿನಾ ನೀನಿರುವ ಕಡೆಗೇ ಹೋಗಿ ಬರುತ್ತಿದ್ದೇನೆ.

ಕೂಸಿಗೆ ದೃಷ್ಟಿಬೊಟ್ಟು ಇಡುವುದನ್ನು ಮರೆಯಬೇಡಿ. ಆದಿಗೆ ಪಥ್ಯ ತಪ್ಪಿಸಬೇಡ, ಅವಳಿಗೆ ಹುಣಿಸೆಹಣ್ಣಿನ ಮೇಲೆ ಕಣ್ಣು. ಅಳಿಯಂದಿರಿಗೆ ನನ್ನ ನಮಸ್ಕಾರ, ಕೂಸಿಗೆ ತಾತನ ಮುತ್ತು. ನಿನ್ನ ಹೆಸರಿನ ದೇವಿ ಪಟಾಲಮ್ಮ ತಾಯಿ ಎಲ್ಲರನ್ನೂ ತಣ್ಣಗೆ ಇಟ್ಟಿರಲಿ.

ಇಂತಿ,
ನಿನ್ನ ಯಜಮಾನ
ಮುನಿಆಂಜನಪ್ಪ

ಇನ್ನೊಂದು ಮಾತು: ಅಂಚೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಟವೆಲ್ಲಿನ ಕೆಳಗೆ ಬೆಲೆ ಕುದುರಿದ ಮೇಲೂ ನಾನು ಸಾಹೇಬರ ಕಿರುಬೆರಳು ಬಿಟ್ಟಿರಲಿಲ್ಲ. ಇನ್ನೊಂದು ನೂರು ಕೇಳುತ್ತಿದ್ದೇನೆ ಅಂದುಕೊಂಡು ಅವರು “ಜಾಸ್ತಿ ಆಯ್ತು ಭಾಯಿ” ಅಂದರು. “ಇದು ರೂಪಾಯಿ ಅಲ್ಲ ಸಾಹೇಬ್ರೇ, ಇದು ಒಂದು ಪ್ರಯಾಣ. ನಾವಿಬ್ರೂ ಬರ್ತೀವಿ” ಅಂದೆ. ಹಿಂದಿನಿಂದ ಜಹನಾರಾ ಬೇಗಂ ಅವರಿಗೆ, “ಹೂಂ ಅನ್ನಿ. ಆ ಅಮ್ಮನ್ನ ನಾನೂ ನೋಡ್ಬೇಕು” ಅಂದರು. ಸಂಕ್ರಾಂತಿ ಕಳೆದು ತಿರುಚಿನಾಪಳ್ಳಿಗೆ ಹೊರಡುತ್ತಾರೆ, ಪೆಟ್ರೋಲು ಅವರದು. ಮುಂದಿನ ಸೀಟಿನಲ್ಲಿ ಅವರು ಮೂವರೂ ಹಿಡಿಯುತ್ತಾರೆ, ಆಯಮ್ಮನಿಗೆ ಸೊಂಟ ನೋವಾದಾಗ ಮಾತ್ರ ಮಂಚ ಬಿಟ್ಟುಕೊಡಬೇಕು. ಅಲ್ಲೇ ಪಕ್ಕದ ಶ್ರೀರಂಗ ನೋಡಿದ ಮೇಲೆ ಅನೀಸ್ ನಮ್ಮನ್ನು ಮಂಡಪಂವರೆಗೆ ಬಿಡುತ್ತಾನೆ, ಅಲ್ಲಿಂದ ರಾಮೇಶ್ವರಕ್ಕೆ ಸಮುದ್ರದ ಮೇಲೆ ರೈಲು. ಹೋಗುತ್ತಾ ಗಿಳಿಗಳ ಕಡೆ ತಲೆ ಇಟ್ಟು ಮಲಗು, ದಾರಿಯುದ್ದಕ್ಕೂ ದಕ್ಷಿಣ. ಬರುತ್ತಾ ಕೂತುಕೊಂಡೇ ಬರೋಣ, ನಿನ್ನ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೋ. ಇಷ್ಟು ದಿನ ನಾನು ಮುಂದೆ ಕೂತು ಊರುಗಳ ಹೆಸರು ಹೇಳಿದೆ, ನಿನ್ನ ಮುಖ ಒಂದು ಸಲವೂ ನೋಡಲಿಲ್ಲ. ಈ ಸಲ ನಾನೂ ಹಿಂದೆಯೇ. ಕಿಟಕಿ ನಿನ್ನ ಕಣ್ಣಿನ ಅಳತೆಯದು, ನನ್ನ ಕಣ್ಣಿಗೆ ಏನೂ ಸರಿಯಾಗಿ ಕಾಣುವುದಿಲ್ಲ. ಹೊರಗೆ ಏನೇನು ಬರುತ್ತದೆ ಅಂತ ನೀನು ಹೇಳುತ್ತಾ ಬಾ, ನಾನು ಹೂಂಗುಟ್ಟುತ್ತೇನೆ. ಪಟಾ, ಹೊರಡೋಣ್ವಾ?